ಒಗ್ಗರಣೆ ನಿಂತ ಮನೆ

ಮಂಡ್ಯದಲ್ಲಿ ಕೊಲಂಬೈನ್ ಹೂವನ್ನು ಬೀಜದಿಂದ ಬೆಳೆಸಲು ಹೊರಟ ಮೊದಲನೆಯ ಮನುಷ್ಯ ನಾನು. ಕೊನೆಯವನೂ ನಾನೇ ಇರಬೇಕು. ಎರಡನೆಯ ಮಾತಿಗೆ ನನ್ನಲ್ಲಿ ದಾಖಲೆಯಿಲ್ಲ. ಆದರೆ ಆಗ ನಡೆದದ್ದನ್ನು ಕಂಡ ನಮ್ಮ ಬೀದಿಯವರಾಗಲಿ ಅವರ ಮಕ್ಕಳಾಗಲಿ ಮತ್ತೆ ಆ ಕೆಲಸಕ್ಕೆ ಕೈಹಾಕುವ ಸಂಭವ ತೀರ ಕಡಮೆ.

ಎರಡನೆಯ ಮಹಾಯುದ್ಧ ಶುರುವಾದ ಮೇಲಿನ ಎರಡನೆಯ ಬೇಸಿಗೆ ಅದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ದುದ್ದದ ನಮ್ಮ ಬೇಸಾಯದ ಮನೆತನದಲ್ಲಿ ಬಿ.ಎಸ್ಸಿ. ಪಾಸು ಮಾಡಿದವನು ನಾನೊಬ್ಬನೇ. ಹೀಗಾಗಿ ವಿಜ್ಞಾನದ ಮಾನವೆಲ್ಲ ನನ್ನ ಹೆಗಲ ಮೇಲೆ ನಿಂತಿದೆಯೆಂದು ನಾನು ನಂಬಿದ್ದೆ. ಒಂದು ದಿನ ಮೇಷ್ಟ್ರುಗಳ ಕೋಣೆಯಲ್ಲಿ ಹೆಡ್‌ಮಾಸ್ಟರು ಕಿಟಕಿಯ ಆಚೆ ನೋಡುತ್ತ, "ಕಬ್ಬು, ಕಬ್ಬು, ಬರೀ ಕಬ್ಬು. ಈ ಊರಲ್ಲಿ ಕಣ್ಣಿಗೆ ಹಿತವಾಗುವ ಒಂದು ಹೂವೂ ಬೆಳೆಯುವುದಿಲ್ಲ" ಎಂದು ನಿಟ್ಟುಸಿರುಬಿಟ್ಟರು. ಅವರು ಯಾರನ್ನೂ ಏನೂ ಕೇಳಿರಲಿಲ್ಲ. ಆದರೂ ನಾನು ಎದ್ದು ನಿಂತು, "ಸಾರ್, ಕ್ರಮ ಗೊತ್ತಿದ್ದರೆ ಏನು ಬೇಕಾದರೂ ಬೆಳೆಯುತ್ತದೆ. ಸ್ಕೂಲ್ ಡೇ ಹೊತ್ತಿಗೆ ಈ ಸೀಮೆಯವರು ಕಂಡಿಲ್ಲದ ಹೂವನ್ನು ತಮ್ಮ ಮೇಜಿನ ಮೇಲೆ ಇಡುತ್ತೇನೆ" ಎಂದುಬಿಟ್ಟೆ.

ಊಟಿಯಲ್ಲಿ ಕೆಲಸಕ್ಕಿದ್ದ ನನ್ನ ಕಾಲೇಜು ಗೆಳೆಯ ಶಿವಯ್ಯನಿಗೆ ಆ ಸಂಜೆಯೇ ಕಾಗದ ಬರೆದೆ. ಎಂಟು ದಿನಕ್ಕೆ ಒಂದು ಪೊಟ್ಟಣ ಬಂತು. ಮೇಲೆ ಚಿತ್ರವಿತ್ತು: ತಲೆ ತಗ್ಗಿಸಿ ನಿಂತ ನೀಲಿ ಹೂವು, ಅದರ ಬೆನ್ನಿಗೆ ಐದು ಸಣ್ಣ ಕೊಂಬು. ಒಳಗೆ ಕರ್ರಗೆ ಮಿನುಗುವ, ಸಾಸಿವೆಗಿಂತ ಚಿಕ್ಕ ಬೀಜ. ಹಿಂಬದಿಯಲ್ಲಿ ಸೂಚನೆಗಳು: ಬೀಜವನ್ನು ಮಣ್ಣಿನ ಮೇಲೆ ಉದುರಿಸಬೇಕು, ಮಣ್ಣು ಮುಚ್ಚಬಾರದು, ಮೂರು ವಾರ ಹಿಮದ ಹಾಗೆ ತಣ್ಣಗೆ, ತೇವವಾಗಿ ಇಡಬೇಕು. ಗಿಡ ಬಹಳ ಗಟ್ಟಿ, ಹಿಮ ಬಿದ್ದರೂ ಸಾಯುವುದಿಲ್ಲ ಎಂದೂ ಬರೆದಿತ್ತು. ಹಿಮಕ್ಕೇ ಸಾಯದ ಗಿಡ ಮಂಡ್ಯದ ಬಿಸಿಲಿಗೆ ಸಾಯುತ್ತದೆಯೆ? ಈ ತರ್ಕದಲ್ಲಿ ತಪ್ಪು ಎಲ್ಲಿದೆಯೆಂಬುದು ನನಗೆ ಬಹಳ ದಿನ ಹೊಳೆಯಲಿಲ್ಲ. ಹೂ ಬಿಡುವುದು ಎರಡನೆಯ ವರ್ಷ ಎಂಬ ಕೊನೆಯ ಸಾಲನ್ನು ನಾನು ಓದಲೇ ಇಲ್ಲ. ಅದು ಮಡಿಕೆಯ ಒಳಗಿತ್ತು.

ಬೀದಿಯ ಕಡೆಗಿದ್ದ ಕೋಣೆಯನ್ನು ತೆರವು ಮಾಡಿಸಿದೆ. ದುದ್ದದ ನಮ್ಮ ಹಿತ್ತಲಿನಿಂದ ಎರಡು ಮಂಕರಿ ಮಣ್ಣು ತರಿಸಿ, ಜರಡಿ ಹಿಡಿದು, ಮರದ ತಟ್ಟೆಯಲ್ಲಿ ಹರಡಿ, ಅರ್ಧ ಪೊಟ್ಟಣ ಬೀಜ ಉದುರಿಸಿದೆ. ಅದರ ಕೆಳಗೆ ಭತ್ತದ ಹೊಟ್ಟು ತುಂಬಿದ ಪೆಟ್ಟಿಗೆ, ಹೊಟ್ಟಿನ ನಡುವೆ ಮಂಜುಗಡ್ಡೆ. ತಟ್ಟೆಯ ಮೇಲೆ ಒದ್ದೆ ಬಿಳಿ ಬಟ್ಟೆ. ಈ ಬಟ್ಟೆಯನ್ನು ನನ್ನ ಹೊರತು ಯಾರೂ ಎತ್ತಕೂಡದೆಂದು ಮನೆಯಲ್ಲಿ ಅಪ್ಪಣೆ ಮಾಡಿದೆ.

ಮಂಜುಗಡ್ಡೆ ಬೆಂಗಳೂರಿನಿಂದ ಬೆಳಗಿನ ರೈಲಿನಲ್ಲಿ ಸ್ಟೇಷನ್ ಎದುರಿನ ಸೋಡಾ ಅಂಗಡಿ ಹುಚ್ಚೀರಯ್ಯನಿಗೆ ಬರುತ್ತಿತ್ತು. ನಾಲ್ಕನೆಯ ದಿನ ಅವನು ಗೋಣಿಯಲ್ಲಿ ಗಡ್ಡೆ ಸುತ್ತುತ್ತ ಕೇಳಿದ:

"ಮೇಷ್ಟ್ರೇ, ದಿನಾ ಐಸ್ ತಕ್ಕಂಡ್ ಓಯ್ತಿದ್ದೀರಿ. ಮನೇಲಿ ಎಲ್ಲಾ ಚೆಂದಾಗವ್ರಾ?"

"ಚೆನ್ನಾಗಿದ್ದಾರೆ. ಆದರೆ ಒಳಗಿರುವುದು ನಾಜೂಕಿನ ಜೀವ ನೋಡು. ಕಾವು ಏರಬಾರದು. ಮೂರು ವಾರ ಕಾಪಾಡಿಬಿಟ್ಟರೆ ಗೆದ್ದ ಹಾಗೆ."

ಹುಚ್ಚೀರಯ್ಯ ತಲೆಯ ವಸ್ತ್ರ ತೆಗೆದು ಎರಡು ಕಣ್ಣಿಗೂ ಒತ್ತಿಕೊಂಡ. "ತಾಯಿ ಕಾಯ್ತಾಳೆ ಬುಡಿ" ಎಂದು ಇನ್ನೊಂದು ದೊಡ್ಡ ತುಂಡನ್ನು ಗೋಣಿಗೆ ಸೇರಿಸಿದ. ಸೋಡಾ ಮಾರುವವನಿಗೂ ಸಸ್ಯಶಾಸ್ತ್ರದಲ್ಲಿ ಇಷ್ಟು ಭಕ್ತಿಯೆ ಎಂದು ನನಗೆ ಹೆಮ್ಮೆಯಾಯಿತು.

ಎರಡು ತೊಂದರೆಗಳು ಎದುರಾದವು. ಒಂದು, ಇರುವೆ. ಅದಕ್ಕೆ ಕೋಣೆಯ ಕಿಟಕಿಗೂ ಬೀದಿ ಬಾಗಿಲಿಗೂ ಒದ್ದೆ ಗೋಣಿ ಇಳಿಬಿಟ್ಟು ಬೇವಿನ ಸೊಪ್ಪಿನ ಗೊಂಚಲು ಕಟ್ಟಿದೆ, ಹೊಸಿಲಿಗೆ ಅರಿಸಿನ ಬಳಿದೆ. ಇನ್ನೊಂದು, ಅಡುಗೆಮನೆ. ಸಾಸಿವೆ ಸಿಡಿದ ನಾಲ್ಕು ನಿಮಿಷದಲ್ಲಿ ಕೋಣೆಯ ಥರ್ಮಾಮೀಟರು ಒಂದೂವರೆ ಡಿಗ್ರಿ ಏರುವುದನ್ನು ಗಮನಿಸಿದೆ. ಮೂರು ದಿನ ಅಳೆದೆ, ಫಲಿತಾಂಶ ಬದಲಾಗಲಿಲ್ಲ. ಇನ್ನು ಮೂರು ವಾರ ಈ ಮನೆಯಲ್ಲಿ ಒಗ್ಗರಣೆ ಹಾಕಕೂಡದು ಎಂದೆ.

ನನ್ನ ಹೆಂಡತಿ ಮೀನಾಕ್ಷಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಏನಂದ್ರೆ, ಬಾಗ್ಲಿಗೆ ಬೇವು ಕಟ್ಟಿದ್ದೀರಿ. ಒಗ್ಗರಣೆ ಬ್ಯಾಡ ಅಂತೀರಿ. ಜನ ಏನಂದ್ಕತಾರೆ ಅಂತ ವಸಿ ಯೋಚ್ನೆ ಮಾಡಿ."

ನಮ್ಮ ಸೀಮೆಯಲ್ಲಿ ಬಾಗಿಲಿಗೆ ಬೇವು ಕಟ್ಟಿ, ಒಗ್ಗರಣೆ ನಿಲ್ಲಿಸಿ, ಒಳಗೆಲ್ಲ ತಂಪು ಮಾಡಿದರೆ ಅದಕ್ಕೆ ಒಂದೇ ಅರ್ಥ: ಆ ಮನೆಗೆ ಅಮ್ಮ ಬಂದಿದ್ದಾಳೆ, ಯಾರಿಗೋ ಸಿಡುಬು ಎದ್ದಿದೆ. ದುದ್ದದಲ್ಲಿ ಹುಟ್ಟಿದ ನನಗೆ ಇದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಥರ್ಮಾಮೀಟರು ಹಿಡಿದ ಮನುಷ್ಯನಿಗೆ ಅದರ ಪಾದರಸವೊಂದು ಬಿಟ್ಟು ಬೇರೇನೂ ಕಾಣುವುದಿಲ್ಲ. ಬೇವಿನ ಕೀಟನಾಶಕ ಗುಣಗಳ ಮೇಲೆ ನಾನು ಮಾತು ಶುರುಮಾಡಿದೆ. ಪಾಠ ಕೇಳುವುದಕ್ಕಿಂತ ಸಪ್ಪೆ ಸಾರು ಉಣ್ಣುವುದೇ ವಾಸಿಯೆಂದು ಅವಳು ಒಳಕ್ಕೆ ಹೋದಳು.

ಇಲ್ಲಿ ನನ್ನ ತಂಗಿ ಚಿಕ್ಕಲಕ್ಷ್ಮಿಯ ವಿಷಯ ಹೇಳಬೇಕು. ಅವಳನ್ನು ನೋಡಲು ಮಳವಳ್ಳಿಯಿಂದ ಗಂಡಿನ ಕಡೆಯವರು ಯುಗಾದಿ ಕಳೆದು ಬರುವ ಒಂದು ಶುಕ್ರವಾರ ಬರುವವರಿದ್ದರು. ನಮ್ಮಪ್ಪ, "ನೀನು ಓದ್ದೋನು, ನಿನ್ ಮನೇಲೇ ಆಗ್ಲಿ" ಎಂದು ಅವಳನ್ನು ಹದಿನೈದು ದಿನ ಮುಂಚೆಯೇ ತಂದು ಬಿಟ್ಟಿದ್ದರು. ಹಿಂದೆ ಬಂದ ಮೂರು ಸಂಬಂಧಗಳಿಗೆ ಈ ಹುಡುಗಿ "ಊಹೂಂ" ಅಂದವಳು. ಮದ್ದೂರಿನಲ್ಲಿ ಬಸ್ಸು ಬದಲಾಯಿಸುವಾಗ ಮಳವಳ್ಳಿಯ ದೊಡ್ಡಬೀರಯ್ಯನ ಮಗ ಮರಿಸಿದ್ದಯ್ಯ ಇವಳ ಗಂಟನ್ನು ಬಸ್ಸಿನ ಮೇಲಕ್ಕೆ ಎತ್ತಿಕೊಟ್ಟಿದ್ದನಂತೆ. ಅವನದಾದ ಈ ನಾಲ್ಕನೆಯ ಸಂಬಂಧಕ್ಕೆ ಮಾತ್ರ "ಊಂ" ಅಂದಳು. ಬಿಸಿಲಿಗೆ ಮುಖ ಬಾಡಬಾರದೆಂದು ಮೀನಾಕ್ಷಿ ಅವಳನ್ನು ಬೀದಿಗೆ ಕಳಿಸುತ್ತಿರಲಿಲ್ಲ.

ಬೀದಿಯವರು ಇದಕ್ಕೂ ತಕ್ಕ ಲೆಕ್ಕ ಹಾಕಿಕೊಂಡರು. ಬೇವು ಕಟ್ಟಿದೆ, ಐಸು ಬರುತ್ತಿದೆ, ಒಗ್ಗರಣೆಯ ವಾಸನೆಯಿಲ್ಲ, ಮದುವೆಗೆ ಬಂದ ಹುಡುಗಿ ಕಾಣಿಸುತ್ತಿಲ್ಲ. ಇನ್ನೇನು ಬೇಕು?

ಎಂಟನೆಯ ದಿನ ತಟ್ಟೆಯಲ್ಲಿ ಹಸಿರು ಚುಕ್ಕೆ ಕಂಡಿತು. ಟಿಪ್ಪಣಿ ಪುಸ್ತಕದಲ್ಲಿ "ಅಂಕುರ: ಎರಡು" ಎಂದು ಬರೆದು, ಕೆಳಗೆ ಗೆರೆ ಎಳೆದು, ಜಗಲಿಗೆ ಬಂದು ನಿಂತೆ. ಪಕ್ಕದ ಮನೆಯ ಮುದ್ದಮ್ಮ ಬಾಳೆಲೆ ಮುಚ್ಚಿದ ಮೊಸರನ್ನದ ಬೋಗುಣಿಯನ್ನು ನಮ್ಮ ಮೆಟ್ಟಿಲ ಮೇಲಿಟ್ಟು, ಎಂಟು ಹೆಜ್ಜೆ ಹಿಂದಕ್ಕೆ ಸರಿದು ಕೈಮುಗಿದರು.

"ಎಂಗೈತಪ್ಪಾ ಒಳಗೆ?"

"ಕಾಣಿಸಿಕೊಂಡಿವೆ ಮುದ್ದಮ್ಮನವರೆ! ಇವತ್ತು ಬೆಳಗ್ಗೆ ಎರಡು. ನಾಳೆಗೆ ಹತ್ತು ಹನ್ನೆರಡು ಆಗಬಹುದು."

"ಅಯ್ಯೋ! ನಗ್ತಾ ಏಳ್ತೀಯಲ್ಲಪ್ಪ."

"ಅಳುವುದಕ್ಕೇನಿದೆ? ತಟ್ಟೆ ತುಂಬ ಏಳಲಿ ಎಂದು ಕಾಯುತ್ತಿದ್ದೇನೆ."

ಮುದ್ದಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಓಡಿದರು. ಓದಿದ ಮೇಷ್ಟ್ರಿಗೆ ದುಃಖದಲ್ಲಿ ತಲೆ ಕೆಟ್ಟಿದೆ ಎಂಬ ಸುದ್ದಿ ಸಂಜೆಯೊಳಗೆ ನಮ್ಮ ಬೀದಿ ದಾಟಿತು. ಮೀನಾಕ್ಷಿ ಬೋಗುಣಿ ವಾಪಸು ಕೊಡಲು ಹೋಗಿ, "ಏನಿಲ್ಲ ಕಣಕ್ಕ, ಅದು ಬೀಜ, ಇವರದೊಂದು ಉಚ್ಚು" ಎಂದಳು. ಮುದ್ದಮ್ಮ ಮೆಚ್ಚುಗೆಯಿಂದ ತಲೆಯಾಡಿಸಿದರು: "ಸರ್ಯಾಗೇ ಏಳ್ತಿದ್ದೀಯ ಕಣವ್ವ. ತಾಯಿ ಬಂದಾಗ ಬಾಯ್ಬಿಟ್ಟು ಏಳ್ಬಾರ್ದು." ಅಮ್ಮ ಬಂದ ಮನೆಯವರು ಅದನ್ನು ಒಪ್ಪಿಕೊಳ್ಳಬಾರದೆಂಬ ಪದ್ಧತಿಯಿಂದಾಗಿ, ನಾವು ಇಲ್ಲವೆಂದಷ್ಟೂ ಹೌದೆಂಬುದು ಗಟ್ಟಿಯಾಯಿತು.

ಮನೆಗೆ ಎಳನೀರು ಬಂತು, ಮಜ್ಜಿಗೆ ಬಂತು, ತಂಬಿಟ್ಟು ಬಂತು. ಸ್ಕೂಲಿನಲ್ಲಿ ಹೆಡ್‌ಮಾಸ್ಟರು ಹಾಜರಿ ಪುಸ್ತಕವನ್ನು ಮೇಜಿನ ಮೇಲಿಟ್ಟು ಎರಡು ಗಜ ದೂರ ನಿಂತು, "ರಜ ಬೇಕಾದರೆ ಸಂಕೋಚಪಡಬೇಡಿ. ದಯವಿಟ್ಟು ತೆಗೆದುಕೊಳ್ಳಿ" ಎಂದರು. ಸಂಶೋಧನೆಗೆ ಸಮಾಜ ಕೊಡುವ ಪ್ರೋತ್ಸಾಹ ಇದು ಎಂದು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಆ ಪುಟವನ್ನು ಆಮೇಲೆ ಹರಿದುಹಾಕಿದ್ದೇನೆ.

ಹದಿನೈದನೆಯ ದಿನ ಮಳವಳ್ಳಿಯಿಂದ ಕಾರ್ಡು ಬಂತು. ದೊಡ್ಡಬೀರಯ್ಯ ಊರಿನ ಯಾರ ಕೈಯಲ್ಲೋ ಬರೆಸಿದ್ದರು: "ತಮ್ಮ ಮನೆಯ ಸಂಗತಿ ಮದ್ದೂರು ಸಂತೆಯಲ್ಲಿ ತಿಳಿಯಿತು. ಮೊದಲು ಮನೆ ತಣ್ಣಗಾಗಲಿ. ಶುಕ್ರವಾರ ಬರುವುದಿಲ್ಲ. ಮುಂದಿನದು ಆಮೇಲೆ ನೋಡೋಣ."

ನಾನು ಅದನ್ನು ಗಟ್ಟಿಯಾಗಿ ಓದಿ, "ನೋಡಿದೆಯಾ ಮೀನಾಕ್ಷಿ, ಮಳವಳ್ಳಿಯ ರೈತನಿಗೂ ಕೋಣೆಯ ಉಷ್ಣಾಂಶದ ಚಿಂತೆಯಿದೆ!" ಎಂದೆ.

ಮೀನಾಕ್ಷಿ ನನ್ನ ಕೈಯಿಂದ ಕಾರ್ಡು ಕಿತ್ತುಕೊಂಡಳು.

"ನಿಮ್ ತಂಗೀಗೆ ಅಮ್ಮ ಎದ್ದವ್ಳೆ ಅಂತ ಮಂಡ್ಯ ಮದ್ದೂರೆಲ್ಲಾ ಆಡ್ಕತಾವ್ರೆ ಕಣ್ರೀ! ಮುಖದ ತುಂಬ ಕಲೆ ಬಿದ್ದಿರ್ತದೆ ಅಂದ್ಕಂಡವ್ರೆ. ಆ ಹೆಣ್ಣ ಇನ್ನಾರು ಮಾಡ್ಕತಾರೆ?"

ನಾನು ಬೇವನ್ನು ನೋಡಿದೆ. ಗೋಣಿಯನ್ನು ನೋಡಿದೆ. ಮೂಲೆಯಲ್ಲಿ ಗೋಪುರವಾಗಿ ನಿಂತ ಎಳನೀರನ್ನು ನೋಡಿದೆ. ಹದಿನೈದು ದಿನದ ಸಾಕ್ಷ್ಯವೆಲ್ಲ ಒಟ್ಟಿಗೆ ತಲೆಯ ಮೇಲೆ ಬಿತ್ತು. ಚಿಕ್ಕಲಕ್ಷ್ಮಿ ಬಾಗಿಲಿಗೆ ಒರಗಿ ನಿಂತಿದ್ದಳು. ಅತ್ತಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

"ಅಣ್ಣಾ, ಮೂರು ಗಂಡ್ನ ನಾನು ಬ್ಯಾಡ ಅಂದೆ. ನಾಲ್ಕನೇದ್ನ ನಿನ್ ತಟ್ಟೆ ಬ್ಯಾಡ ಅಂತು. ಇನ್ ನಾನು ಅದ್ರಲ್ಲಿ ಉಟ್ಟೋ ಗಿಡಾನೇ ಮದ್ವೆ ಆಗ್ಬೇಕು" ಎಂದು ಒಳಗೆ ಹೋದಳು.

ನಾನು ಕೈಕಟ್ಟಿ ಕೂರುವವನಲ್ಲ. ತಪ್ಪನ್ನು ಕ್ರಮವಾಗಿ ಮಾಡಿದ ಹಾಗೆಯೇ ಅದರ ಪರಿಹಾರವನ್ನೂ ಕ್ರಮವಾಗಿ ಮಾಡಬೇಕೆಂದು ಎರಡು ಕೆಲಸ ಗೊತ್ತುಮಾಡಿಕೊಂಡೆ. ಮೊದಲು ಬೇವು ಗೋಣಿ ಕಿತ್ತುಹಾಕಿದೆ. ಅದನ್ನು ನೋಡಿದ ಬೀದಿಯವರು "ಅಯ್ಯೋ, ಮುಗೀತೇನೋ" ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಲಿಲ್ಲ. ನೇರವಾಗಿ ಟಪಾಲು ಆಫೀಸಿಗೆ ಹೋಗಿ ದೊಡ್ಡಬೀರಯ್ಯನಿಗೆ ಒಂದು ತಂತಿ ಕೊಟ್ಟೆ. ಅಲ್ಲಿಂದ ಹೆಲ್ತ್ ಇನ್ಸ್‌ಪೆಕ್ಟರ ಹತ್ತಿರ ಹೋಗಿ, ನಮ್ಮ ಮನೆಯಲ್ಲಿ ಸಿಡುಬು ಇಲ್ಲವೆಂದು ಸರ್ಟಿಫಿಕೇಟು ಬೇಕೆಂದೆ.

ಅವರು ಕನ್ನಡಕವನ್ನು ಹಣೆಗೆ ಏರಿಸಿದರು. "ಇದೆ ಎನ್ನುವುದಕ್ಕೆ ಫಾರಂ ಇದೆ. ಇಲ್ಲ ಎನ್ನುವುದಕ್ಕೆ ಫಾರಂ ಇಲ್ಲವಲ್ಲ ಮೇಷ್ಟ್ರೇ."

"ಆದರೆ ಇಲ್ಲವಲ್ಲ ಸ್ವಾಮಿ!"

"ಇಲ್ಲದ ಮನೆಯವರು ಯಾರೂ ಇದುವರೆಗೆ ಬಂದು ಇಲ್ಲ ಅಂದಿಲ್ಲ. ನೀವು ಬಂದಿದ್ದೀರಿ ಎಂದರೆ ಏನೋ ಇದೆ. ಶುಕ್ರವಾರ ಬರುತ್ತೇನೆ. ನಿಮ್ಮ ಬೀದಿಗೆಲ್ಲ ದಾಕು ಹಾಕಬೇಕಾಗುತ್ತದೆ."

ದಾಕು ಹಾಕುವುದೆಂದರೆ ತೋಳಿಗೆ ಚುಚ್ಚಿ ಸಿಡುಬಿನ ಮದ್ದು ಇಡುವುದು. ಶುಕ್ರವಾರ ಬೆಳಗ್ಗೆ ಅವರು ಜವಾನನ ತಲೆಯ ಮೇಲೆ ಪೆಟ್ಟಿಗೆ ಹೊರಿಸಿಕೊಂಡು ಬಂದು ನಮ್ಮ ಜಗಲಿಯ ಮೇಲೇ ಕುಳಿತರು. ಬೀದಿಯವರೆಲ್ಲ ನನ್ನನ್ನು ಶಪಿಸುತ್ತ ಸಾಲುಗಟ್ಟಿದರು. ಹುಚ್ಚೀರಯ್ಯನನ್ನೂ ಅಂಗಡಿಯಿಂದ ಹಿಡಿದು ತರಿಸಿದ್ದರು. "ಐಸ್ ಕೊಟ್ಟಿದ್ಕೆ ಚುಚ್ಚುಸ್ಕಬೇಕಾಯ್ತಲ್ಲ ಸಿವ್ನೇ" ಎಂದು ಅವನು ತೋಳು ಉಜ್ಜಿಕೊಳ್ಳುತ್ತಿದ್ದ. ಚಿಕ್ಕಲಕ್ಷ್ಮಿ ಎಲ್ಲರಿಗಿಂತ ಮೊದಲು ಬಂದು, ತೋಳೊಡ್ಡಿ, ಹಾಕಿಸಿಕೊಂಡು, ಮುಖ ಕೂಡ ಕಿವುಚದೆ ಒಳಗೆ ಹೊರಟಳು. ಮುದ್ದಮ್ಮ ಅವಳನ್ನು ತಡೆದು ಕೆನ್ನೆ ಮುಟ್ಟಿ ನೋಡಿ, "ಏನೂ ಇಲ್ವಲ್ಲಮ್ಮಿ" ಎಂದು ತುಸು ನಿರಾಶೆಯಿಂದಲೇ ಹೇಳಿದರು.

ಅಷ್ಟರಲ್ಲಿ ಬೀದಿಯ ತಿರುವಿನಿಂದ ಅಳು ಕೇಳಿಸಿತು.

"ಬಾಳೆ ಸುಳಿ ಅಂಗಿದ್ದ ಕಂದಾ! ಬಳೆ ತೊಡ್ಸೋಕ್ ಮೊದ್ಲೇ ಒಂಟೋದ್ಯಾ ನನ್ ಸೊಸೇ!"

ಎದೆ ಬಡಿದುಕೊಳ್ಳುತ್ತ ಬರುತ್ತಿದ್ದವರು ದೊಡ್ಡಬೀರಯ್ಯನ ಹೆಂಡತಿ ಅಂಕಮ್ಮ. ಹಿಂದೆ ಹೆಗಲ ಮೇಲಿನ ವಸ್ತ್ರವನ್ನು ಕಣ್ಣಿಗೆ ಒತ್ತಿಕೊಂಡ ದೊಡ್ಡಬೀರಯ್ಯ. ಅವರ ಹಿಂದೆ ತಲೆ ತಗ್ಗಿಸಿಕೊಂಡು ಮರಿಸಿದ್ದಯ್ಯ. ಅಳು ಕೇಳಿದ ಕೂಡಲೆ ದಾಕಿನ ಸಾಲಿನಲ್ಲಿದ್ದ ಹೆಂಗಸರೂ ಅಳತೊಡಗಿದರು. ಹುಡುಗಿಯನ್ನು ಅರ್ಧ ಗಂಟೆಯ ಹಿಂದೆ ಮುಟ್ಟಿ ನೋಡಿದ್ದ ಮುದ್ದಮ್ಮನ ದನಿಯೇ ಎಲ್ಲರಿಗಿಂತ ಜೋರಾಗಿತ್ತು. ಅಳು ಕೇಳಿದ ಮೇಲೆ ಕಾರಣ ವಿಚಾರಿಸುವುದು ನಮ್ಮ ಬೀದಿಯ ಸಂಪ್ರದಾಯವಲ್ಲ.

ಅಂಕಮ್ಮ ನಮ್ಮ ಮೆಟ್ಟಿಲ ಮೇಲೆ ಕುಸಿದರು. ಬಿಸಿಲಲ್ಲಿ ಬಂದವರಿಗೆ ನೀರು ಕೊಡಬೇಕಲ್ಲ. ಚಿಕ್ಕಲಕ್ಷ್ಮಿ ಚೊಂಬು ಹಿಡಿದು ಬಂದು ಪಕ್ಕದಲ್ಲಿ ಕುಳಿತಳು.

"ನೀರ್ ಕುಡೀರವ್ವ. ಯಾರು ತೀರ್ಕಂಡ್ರು?"

"ನೀನೇ ಕಣವ್ವಾ!" ಎಂದು ಅಂಕಮ್ಮ ತಲೆಯೆತ್ತಿದರು.

ಚೊಂಬು ಮೂರು ಮೆಟ್ಟಿಲು ಉರುಳಿ ಬೀದಿಗೆ ಬಿತ್ತು. ಅಳು ಒಂದೇ ಸಲಕ್ಕೆ ನಿಂತಿತು. ಅಂಕಮ್ಮ ಮೊದಲು ಹುಡುಗಿಯ ಕಾಲು ನೆಲಕ್ಕೆ ತಾಗಿದೆಯೆ ಎಂದು ನೋಡಿದರು. ತಾಗಿತ್ತು. ಆಮೇಲೆ ಗಲ್ಲ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿ, ಬೀಜದ ಕಾಳು ಆರಿಸುವವರ ಹಾಗೆ ಎಡಗೆನ್ನೆ, ಬಲಗೆನ್ನೆ, ಹಣೆ ಎಲ್ಲವನ್ನೂ ಪರೀಕ್ಷಿಸಿದರು.

"ಒಂದ್ ಚುಕ್ಕೇನೂ ಇಲ್ವಲ್ಲ ಕಣ್ರೀ!"

"ಯಾರು ಹೇಳಿದರು ನಿಮಗೆ ಹುಡುಗಿ ಹೋದಳು ಅಂತ?" ಎಂದು ನಾನು ಕೂಗಿದೆ.

ದೊಡ್ಡಬೀರಯ್ಯ ನನ್ನನ್ನೇ ದುರುಗುಟ್ಟಿ ನೋಡಿದರು. "ನೀವೇ ತಂತಿ ಕೊಟ್ರಲ್ಲ ಮೇಷ್ಟ್ರೇ!"

"ಅದನ್ನು ಯಾರ ಕೈಲಾದರೂ ಓದಿಸಲಿಲ್ಲವೆ?"

"ತಂತೀನ ಯಾರಾದ್ರೂ ಓದುಸ್ತಾರಾ? ಅಳ್ತಾರೆ." ಹಳ್ಳಿಗೆ ಟೆಲಿಗ್ರಾಂ ಬರುತ್ತಿದ್ದುದು ಸಾವಿನ ಸುದ್ದಿ ಹೊತ್ತು ಮಾತ್ರ.

ಮರಿಸಿದ್ದಯ್ಯ ಜೇಬಿನಿಂದ ಲಕೋಟೆ ತೆಗೆದುಕೊಟ್ಟ. ಅದನ್ನು ಒಡೆದೇ ಇರಲಿಲ್ಲ. ನಾನು ಒಡೆದು ಬೀದಿಗೆಲ್ಲ ಕೇಳುವಂತೆ ಕನ್ನಡದಲ್ಲಿ ಓದಿದೆ: "ಮನೆಯಲ್ಲಿ ಕಾಯಿಲೆ ಇಲ್ಲ. ಹೂವಿನ ಬೀಜ ಮಾತ್ರ. ಶುಕ್ರವಾರ ತಪ್ಪದೆ ಬನ್ನಿ."

"ತಪ್ದೆ ಬಂದಿದ್ದೀವಿ" ಎಂದರು ದೊಡ್ಡಬೀರಯ್ಯ.

ಇನ್ಸ್‌ಪೆಕ್ಟರು ಇದಾವುದನ್ನೂ ಗಮನಿಸದೆ, "ಹೊರಗಿನ ಊರಿನವರು ಸೋಂಕಿನ ಮನೆಗೆ ಬಂದಿದ್ದೀರಿ. ಮೂವರೂ ತೋಳು ತೋರಿಸಿ" ಎಂದರು.

"ಸೋಂಕು ಇಲ್ಲ ಸ್ವಾಮಿ!"

"ಅದಕ್ಕೆ ಫಾರಂ ಇಲ್ಲ ಅಂತ ಆವತ್ತೇ ಹೇಳಿದೆನಲ್ಲ."

ಗಂಡ ಹೆಂಡಿರು ಹಾಕಿಸಿಕೊಂಡರು. ಮರಿಸಿದ್ದಯ್ಯನ ಸರದಿ ಬಂದಾಗ ಆಸಾಮಿ ಕಾಣಿಸಲಿಲ್ಲ. ಕೊಬ್ಬಿದ ಹೋರಿಯನ್ನು ಕೊಂಬು ಹಿಡಿದು ನಿಲ್ಲಿಸುತ್ತಾನೆಂದು ಹೆಸರಾದ ಹುಡುಗ ನಮ್ಮ ಜಗಲಿಯ ಕಂಬದ ಹಿಂದೆ ನಿಂತಿದ್ದ. ಕಂಬ ಅವನ ಅರ್ಧದಷ್ಟೂ ಅಗಲವಿರಲಿಲ್ಲ.

"ಬಾರ್ಲಾ ಈಚೆಗೆ, ಮಾನ ಕಳೀಬ್ಯಾಡ" ಎಂದು ಅಪ್ಪ ಗದರಿದರು.

"ಆಮ್ಯಾಕೆ ಆಕುಸ್ಕತೀನಿ ಬುಡಪ್ಪ, ಮಳವಳ್ಳೀಲಿ."

ಚಿಕ್ಕಲಕ್ಷ್ಮಿ ಕುಪ್ಪಸದ ತೋಳನ್ನು ಸ್ವಲ್ಪ ಮೇಲೆತ್ತಿ ತೋರಿಸಿದಳು. "ನಂಗಾಗ್ಲೆ ಆಯ್ತು. ಇರುವೆ ಕಚ್ಚಿದಂಗೆ ಅಷ್ಟೆ. ಅತ್ಲಾಗ್ ನೋಡ್ಬ್ಯಾಡಿ, ಇತ್ಲಾಗ್ ನೋಡಿ."

ಅವನು ಇತ್ತಲಾಗಿ ನೋಡಿದ. ಇತ್ತಲಾಗಿ ಎಂದರೆ ಅವಳ ಕಡೆಗೆ. ಇನ್ಸ್‌ಪೆಕ್ಟರು ತಮ್ಮ ಕೆಲಸ ಮಾಡಿದರು.

"ಆಯಿತು, ಹೋಗಯ್ಯ."

"ಎಲ್ಲಾಯ್ತು ಸ್ವಾಮಿ? ಇನ್ನೂ ಸುರುವೇ ಮಾಡಿಲ್ವಲ್ಲ" ಎಂದ ಮರಿಸಿದ್ದಯ್ಯ, ಕತ್ತು ತಿರುಗಿಸದೆ.

ಬೀದಿಯೆಲ್ಲ ನಕ್ಕಿತು. ಅಂಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ ಏನ್ ನೋಡೋದು ಬುಡಿ. ಎಣ್ಣು ಸತ್ತೋದ್ಲು ಅಂತ ಅತ್ಕಂಡ್ ಬಂದಿದ್ದೀನಿ. ಈಗ ಬ್ಯಾಡ ಅಂದ್ರೆ ಆ ಅಳು ದಂಡ ಆಯ್ತದೆ. ತಾಂಬೂಲ ತತ್ತಾರವ್ವ ಮೀನಾಕ್ಷಮ್ಮ" ಎಂದರು. ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಹದಿನೈದು ದಿನಗಳ ಮೇಲೆ ಒಗ್ಗರಣೆ ಬಿತ್ತು. ನಾನು ಥರ್ಮಾಮೀಟರು ನೋಡಲಿಲ್ಲ.

ಊಟವಾದ ಮೇಲೆ ದೊಡ್ಡಬೀರಯ್ಯ, "ಇಷ್ಟೆಲ್ಲಾ ರಾಮಾಯಣ ಮಾಡ್ಸಿದ ಆ ಬೀಜ ವಸಿ ತೋರ್ಸಿ ಮೇಷ್ಟ್ರೇ" ಎಂದರು. ನಾನು ಗಂಭೀರವಾಗಿ ಅವರನ್ನು ಕೋಣೆಗೆ ಕರೆದೊಯ್ದು, ಈ ಗಿಡದ ಕುಲ ಗೋತ್ರ, ಸೀಮೆ, ಲ್ಯಾಟಿನ್ ಹೆಸರು ಎಲ್ಲವನ್ನೂ ಹೇಳಿ ಬಟ್ಟೆ ಎತ್ತಿದೆ. ನಾಲ್ಕು ನಾಲ್ಕು ಎಲೆಯ ಹನ್ನೊಂದು ಸಸಿಗಳು ನಿಂತಿದ್ದವು. ಅವರು ಬಗ್ಗಿ, ನಾನು ತಡೆಯುವುದರೊಳಗೆ ಒಂದು ಎಲೆ ಚಿವುಟಿ, ಬೆರಳಲ್ಲಿ ಉಜ್ಜಿ ಮೂಸಿದರು. ಆಮೇಲೆ ಆ ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದರು.

"ಕಾಮಕಸ್ತೂರಿ."

ಬಾಗಿಲಲ್ಲಿದ್ದ ಚಿಕ್ಕಲಕ್ಷ್ಮಿ ಬಾಯಿಗೆ ಸೆರಗು ತುರುಕಿಕೊಂಡಳು. "ನಮ್ಮ ಇತ್ಲ ಮಣ್ಣಲ್ವೇನಣ್ಣ! ಅವ್ವ ವರ್ಸಾ ವರ್ಸಾ ಅಲ್ಲೇ ಆಕೋದು."

ನನ್ನ ಹದಿನಾರು ಪುಟಗಳ ಟಿಪ್ಪಣಿ ಹಿತ್ತಲ ಕಾಮಕಸ್ತೂರಿಯ ಜೀವನಚರಿತ್ರೆಯಾಗಿತ್ತು. ಕೊಲಂಬೈನ್ ಬೀಜಗಳು ಎಲ್ಲಿದ್ದವೋ ಅಲ್ಲೇ, ಮಂಡ್ಯವನ್ನು ಒಪ್ಪದೆ ಮಲಗಿದ್ದವು.

ವೈಶಾಖದಲ್ಲಿ ಮದುವೆಯಾಯಿತು. ಸೇವಂತಿಗೆಯ ನಡುವೆ ಕಟ್ಟಲು ಬೇಕಾದಷ್ಟು ಕಾಮಕಸ್ತೂರಿ ನಮ್ಮ ಮನೆಯಲ್ಲೇ ಸಿಕ್ಕಿತು. ಉಳಿದ ಒಂದು ಕುಡಿಯನ್ನು ಗಾಜಿನ ಲೋಟದಲ್ಲಿಟ್ಟು ಸ್ಕೂಲ್ ಡೇ ದಿನ ಹೆಡ್‌ಮಾಸ್ಟರ ಮೇಜಿನ ಮೇಲೆ ಇಟ್ಟೆ. ಆಡಿದ ಮಾತು ಉಳಿಸಿಕೊಳ್ಳಬೇಕಲ್ಲ. ಹೆಸರೇನು ಎಂದರು. "ಒಸಿಮಮ್ ಬೆಸಿಲಿಕಮ್" ಎಂದೆ. ಸುಳ್ಳಲ್ಲ, ಕಾಮಕಸ್ತೂರಿಯ ಲ್ಯಾಟಿನ್ ಹೆಸರು ಅದೇ. ಅವರು ಬಹಳ ಹೊತ್ತು ಮೂಸಿ, "ಅದ್ಭುತ ನಾಗಯ್ಯನವರೆ. ನಮ್ಮ ಹಿತ್ತಲಲ್ಲೂ ಇದೇ ವಾಸನೆಯ ಗಿಡವೊಂದಿದೆ. ಆದರೆ ಅದು ಬರೀ ಕಾಮಕಸ್ತೂರಿ" ಎಂದರು.

ಪೊಟ್ಟಣದಲ್ಲಿ ಉಳಿದ ಅರ್ಧ ಬೀಜವನ್ನು ಚಿಕ್ಕಲಕ್ಷ್ಮಿ ಮಳವಳ್ಳಿಗೆ ಹೊರಡುವಾಗ ಕೇಳಿ ತೆಗೆದುಕೊಂಡಳು. ಸೂಚನೆಗಳನ್ನೆಲ್ಲ ಕನ್ನಡದಲ್ಲಿ ಬರೆದುಕೊಟ್ಟೆ. ಮಾರನೆಯ ವರ್ಷ ಅವಳ ಕಾಗದ ಬಂತು:

"ಅಣ್ಣನಿಗೆ ನಮಸ್ಕಾರ. ನಾವೆಲ್ಲ ಕ್ಷೇಮ. ನೀನು ಕೊಟ್ಟ ಬೀಜ ಹಾಕಿದೆ, ಹುಟ್ಟಲಿಲ್ಲ. ಇಲ್ಲಿ ಐಸು ಸಿಗುವುದಿಲ್ಲ. ಬಾಗಿಲಿಗೆ ಬೇವು ಕಟ್ಟಲು ಅತ್ತೆ ಬಿಡುವುದಿಲ್ಲ. ಒಗ್ಗರಣೆ ನಿಲ್ಲಿಸಲು ನಿನ್ನ ಭಾವಮೈದುನ ಬಿಡುವುದಿಲ್ಲ. ಇನ್ನು ಮೇಲೆ ಏನಾದರೂ ತಿಳಿಸುವುದಿದ್ದರೆ ಕಾರ್ಡು ಬರೆ. ತಂತಿ ಮಾತ್ರ ಕೊಡಬೇಡ."